ಕೌಲು, ಕೊಕ್ಕರೆ, ಕ್ಯಾಮೆರಾ: ಕೆರೆಯಂಚಿನ ಹಕ್ಕಿತಾಣಗಳಲ್ಲಿ ನೋಟದ ಚರಿತ್ರೆ

1798ರಲ್ಲಿ ಚೆಂಗಲ್ಪಟ್ಟು ಜಿಲ್ಲೆಯ ಕಲೆಕ್ಟರ್ ಲಯೊನೆಲ್ ಪ್ಲೇಸ್ ವೇದಂತಾಂಗಲ್ ಗ್ರಾಮದವರಿಗೆ ಒಂದು ಕೌಲು ಬರೆದುಕೊಟ್ಟ. ಊರ ಕೆರೆಯ ಮರಗಳಲ್ಲಿ ಗೂಡು ಕಟ್ಟುವ ಹಕ್ಕಿಗಳನ್ನು ಯಾರೂ ಹೊಡೆಯಕೂಡದು, ಹಿಡಿಯಕೂಡದು ಎಂಬುದು ಅದರ ಸಾರ. ದಂಡಿನ ಸೈನಿಕರು ಬಂದು ಹಕ್ಕಿಗಳ ಮೇಲೆ ಗುಂಡು ಹಾರಿಸಿದ್ದು ಊರವರ ದೂರಿಗೆ ಕಾರಣವಾಗಿತ್ತು. 1858ರಲ್ಲಿ ಆ ಕೌಲನ್ನು ಮತ್ತೆ ಊರ್ಜಿತಗೊಳಿಸಲಾಯಿತು. 1936ರಲ್ಲಿ ಸರ್ಕಾರ ಆ ಕೆರೆಯನ್ನು ಹಕ್ಕಿಧಾಮವೆಂದು ಮಾನ್ಯ ಮಾಡಿತು. ಭಾರತದ ಪಕ್ಷಿಸಂರಕ್ಷಣೆಯ ಚರಿತ್ರೆಯನ್ನು ಬರೆಯುವವರು ಈ ಪ್ರಸಂಗವನ್ನು ಮೊದಲ ಪುಟದಲ್ಲಿಯೇ ಉಲ್ಲೇಖಿಸುತ್ತಾರೆ, ಉಲ್ಲೇಖಿಸಿ ಮುಂದೆ ಸಾಗುತ್ತಾರೆ. ಆದರೆ ಸ್ವಲ್ಪ ಹೊತ್ತು ನಿಲ್ಲಬೇಕಾದ ಸ್ಥಳವಿದು.

ಕೌಲು ಎಂಬುದು ಕಂದಾಯದ ಮಾತು. ಅರಬ್ಬಿಯಿಂದ ಪಾರಸಿಯ ಮೂಲಕ ದಖನ್ನಿನ ಆಡಳಿತ ಭಾಷೆಗಳಿಗೆಲ್ಲ ಹರಿದು ಬಂದ ಈ ಪದ ಕನ್ನಡದ ಕಡತಗಳಲ್ಲಿಯೂ ಭೂಮಿಯ ಗುತ್ತಿಗೆಗೆ, ಅಭಯಪತ್ರಕ್ಕೆ, ವಾಗ್ದಾನಕ್ಕೆ ಬಳಕೆಯಾಗಿದೆ. ವೇದಂತಾಂಗಲಿನ ರೈತರು ಕೇಳಿದ್ದು ಅಂಥದೊಂದು ಕಂದಾಯದ ಅಭಯವನ್ನೇ. ಹಿಕ್ಕೆ ಬಿದ್ದ ಕೆರೆಯ ನೀರು ಗದ್ದೆಗೆ ಗೊಬ್ಬರದ ನೀರಾಗುತ್ತದೆ, ಪೈರು ಹುಲುಸಾಗುತ್ತದೆ ಎಂಬುದು ಅವರ ಅನುಭವವಾಗಿತ್ತು. ಹಕ್ಕಿ ಯಾವ ತಿಂಗಳು ಬರುತ್ತದೆ, ಯಾವ ಮರವನ್ನು ಹಿಡಿಯುತ್ತದೆ, ಯಾವ ವರ್ಷ ಬಾರದೆ ಹೋಯಿತು, ಬಾರದ ವರ್ಷ ಮಳೆ ಹೇಗಿತ್ತು ಎಂಬುದೆಲ್ಲ ಬೇಸಾಯದ ಲೆಕ್ಕಕ್ಕೆ ಸೇರಿದ ತಿಳಿವಳಿಕೆ. ವೀಕ್ಷಣೆ ಎಂಬ ಪದವನ್ನು ಆ ರೈತರಾರೂ ಬಳಸಿರಲಾರರು. ಆದರೆ ವರ್ಷದಿಂದ ವರ್ಷಕ್ಕೆ ತಪ್ಪದೆ ನಡೆದ ಆ ನೋಟಕ್ಕೆ ಬೇರೆ ಹೆಸರೂ ಇಲ್ಲ. ದಕ್ಷಿಣದ ಕೆರೆಸೀಮೆಯಲ್ಲಿ ಹಕ್ಕಿಯನ್ನು ನೋಡುವ ಕಾಯಕ ವಿಜ್ಞಾನದಿಂದಾಗಲಿ ವಿಹಾರದಿಂದಾಗಲಿ ಆರಂಭವಾದುದಲ್ಲ. ವಿಜ್ಞಾನಿ, ಅರಣ್ಯಾಧಿಕಾರಿ, ಛಾಯಾಗ್ರಾಹಕ ಮೂವರೂ ಆಮೇಲೆ ಬಂದವರು, ಮತ್ತು ಮೂವರೂ ತಾವು ಬಂದ ದಿನವನ್ನೇ ಆರಂಭವೆಂದು ಬರೆದುಕೊಂಡವರು.

ಮೊದಲು ಬಂದದ್ದು ಬಂದೂಕು. ಹತ್ತೊಂಬತ್ತನೆಯ ಶತಮಾನದ ಪಕ್ಷಿಶಾಸ್ತ್ರವೆಂದರೆ ಹೊಡೆದು, ತೊಗಲು ಬಿಡಿಸಿ, ಚೀಟಿ ಕಟ್ಟಿ ಸಂಗ್ರಹಾಲಯಕ್ಕೆ ಕಳುಹಿಸುವ ಶಾಸ್ತ್ರ. 1883ರಲ್ಲಿ ಹುಟ್ಟಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಆರಂಭದ ಸದಸ್ಯರಲ್ಲಿ ಶಿಕಾರಿ ಗೊತ್ತಿಲ್ಲದವರು ವಿರಳ. ಸಲೀಂ ಅಲಿ 1930ರ ದಶಕದ ಆರಂಭದಲ್ಲಿ ಹೈದರಾಬಾದು ಸಂಸ್ಥಾನದಲ್ಲಿ, 1939–40ರಲ್ಲಿ ಮೈಸೂರು ಸಂಸ್ಥಾನದಲ್ಲಿ ನಡೆಸಿದ ಸಮೀಕ್ಷೆಗಳೂ ಮಾದರಿಗಳನ್ನು ಸಂಗ್ರಹಿಸುವ ಸಮೀಕ್ಷೆಗಳೇ ಆಗಿದ್ದವು. ಶಾಸ್ತ್ರದ ಬಂದೂಕಾದರೂ ಮಿತಿಯುಳ್ಳದ್ದು. ವಿನೋದದ ಬಂದೂಕಿಗೆ ಆ ಮಿತಿ ಇರಲಿಲ್ಲ. 1938ರ ನವೆಂಬರಿನಲ್ಲಿ ವೈಸರಾಯ್ ಲಿನ್‌ಲಿತ್‌ಗೋ ಅವರ ಗೌರವಾರ್ಥ ಭರತಪುರದ ಕೇವಲಾದೇವ ಜೌಗಿನಲ್ಲಿ ಏರ್ಪಡಿಸಿದ ಬೇಟೆಯಲ್ಲಿ ಒಂದೇ ದಿನ 4,273 ಹಕ್ಕಿಗಳು ಬಿದ್ದವು. ಆ ಸಂಖ್ಯೆಯನ್ನು ಕಲ್ಲಿನಲ್ಲಿ ಕೆತ್ತಿಸಿ ನಿಲ್ಲಿಸಲಾಯಿತು. ಅದು ಇಂದಿಗೂ ಅಲ್ಲಿದೆ.

ಕ್ಯಾಮೆರಾ ಈ ಬಂದೂಕಿಗೆ ಪರ್ಯಾಯವಾಗಿ ಬಂತೆಂಬುದು ಸಾಮಾನ್ಯ ನಂಬಿಕೆ. ಭಾಗಶಃ ನಿಜ. ಇಂಗ್ಲೆಂಡಿನ ಕಿಯರ್ಟನ್ ಸೋದರರು, ರಿಚರ್ಡ್ ಮತ್ತು ಚೆರ್ರಿ, 1892ರಲ್ಲಿ ಮೊಟ್ಟೆಗಳಿದ್ದ ಗೂಡೊಂದರ ಛಾಯಾಚಿತ್ರವನ್ನು ತೆಗೆದರು. 1895ರ ಹೊತ್ತಿಗೆ ಹಕ್ಕಿಗೂಡುಗಳನ್ನು ಕುರಿತು ಪೂರ್ತಿಯಾಗಿ ಛಾಯಾಚಿತ್ರಗಳಿಂದಲೇ ಕೂಡಿದ ಪುಸ್ತಕವನ್ನು ಹೊರತಂದರು. ಹುಲ್ಲುಗಾವಲಿನಲ್ಲಿ ಹಕ್ಕಿ ಬೆದರಬಾರದೆಂದು ಎತ್ತಿನ ಚರ್ಮದಿಂದ ಟೊಳ್ಳು ಬೊಂಬೆಯೊಂದನ್ನು ಮಾಡಿಸಿ ಅದರ ಹೊಟ್ಟೆಯಲ್ಲಿ ಕುಳಿತು ಚಿತ್ರ ತೆಗೆಯುತ್ತಿದ್ದರೆಂಬ ಸಂಗತಿ ಆ ಕಾಲದ ಹುರುಪನ್ನು ತೋರಿಸುತ್ತದೆ. ನಾರ್ಫಕ್ ಜೌಗುಪ್ರದೇಶದಲ್ಲಿ ದೋಣಿಮನೆಯಲ್ಲಿ ವಾಸವಾಗಿದ್ದ ಎಮ್ಮಾ ಟರ್ನರ್ 1911ರಲ್ಲಿ ಜೊಂಡುಬಕದ ಮರಿಯೊಂದರ ಚಿತ್ರ ತೆಗೆದರು. ಆ ಹಕ್ಕಿ ಬ್ರಿಟನ್ನಿನಲ್ಲಿ ಸಂತಾನ ಬೆಳೆಸುವುದನ್ನು ನಿಲ್ಲಿಸಿಬಿಟ್ಟಿದೆಯೆಂದು ಶಾಸ್ತ್ರಜ್ಞರು ತೀರ್ಮಾನಿಸಿದ್ದ ಕಾಲವದು. ಹೊಡೆದ ಹಕ್ಕಿಯ ತೊಗಲಿಲ್ಲದೆ ಒಂದು ಚಿತ್ರವೇ ಸಾಕ್ಷ್ಯವಾಗಿ ನಿಂತ ಆರಂಭದ ನಿದರ್ಶನಗಳಲ್ಲಿ ಇದೊಂದು.

ಭಾರತದಲ್ಲಿ ಈ ಮಾರ್ಗವನ್ನು ಹಿಡಿದವರು ರೈಲ್ವೆ ಅಧಿಕಾರಿಯಾಗಿದ್ದ ಇ. ಎಚ್. ಎನ್. ಲೋಥರ್, ಅವರ ಪುಸ್ತಕ ಪ್ರಕಟವಾದದ್ದು 1949ರಲ್ಲಿ. ಸಿಂಗಪುರದ ಉದ್ಯಮಿ ಲೋಕ್ ವಾನ್ ಥೋ ಸಲೀಂ ಅಲಿಯವರ ಜೊತೆಗೂಡಿ ತಿರುಗಾಡಿ ಚಿತ್ರಗಳನ್ನು ತೆಗೆದರು. ಮುಂದೆ ಬೆಂಗಳೂರು ಈ ಕಲೆಯ ಒಂದು ಪ್ರಮುಖ ಕೇಂದ್ರವಾಯಿತು. ಟಿ. ಎನ್. ಎ. ಪೆರುಮಾಳ್, ಇ. ಹನುಮಂತರಾವ್ ಮೊದಲಾದವರಿಗೆ ರಂಗನತಿಟ್ಟು ಬಹುಕಾಲ ಗರಡಿಮನೆಯಂತಿತ್ತು.

ರಂಗನತಿಟ್ಟಿನ ಹುಟ್ಟೂ ನೀರಾವರಿಯ ಕತೆಯೇ. ಹದಿನೇಳನೆಯ ಶತಮಾನದ ನಡುಭಾಗದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲಕ್ಕೆ ಕಾವೇರಿಗೆ ಕಟ್ಟಿದ ಕಟ್ಟೆಯಿಂದಾಗಿ ಅಲ್ಲಿಯ ನಡುಗಡ್ಡೆಗಳು ರೂಪುಗೊಂಡವು. 1940ರಲ್ಲಿ ಸಲೀಂ ಅಲಿಯವರ ಸಲಹೆಯ ಮೇರೆಗೆ ಮೈಸೂರು ಅರಸರ ಸರ್ಕಾರ ಅದನ್ನು ಪಕ್ಷಿಧಾಮವೆಂದು ಘೋಷಿಸಿತು. ರೈತ ಕೇಳಿ ಪಡೆದ ವೇದಂತಾಂಗಲಿಗೂ ಶಾಸ್ತ್ರಜ್ಞ ಹೇಳಿ ಅರಸ ಕೊಟ್ಟ ರಂಗನತಿಟ್ಟಿಗೂ ನಡುವೆ ಇರುವ ಅಂತರವೇ ಈ ಚರಿತ್ರೆಯ ಮುಖ್ಯ ಬಿರುಕು.

ಆ ಬಿರುಕು ಪೂರ್ತಿ ಬಾಯ್ದೆರೆದು ಕಾಣುವುದು “ಪತ್ತೆ” ಎಂಬ ಮಾತಿನಲ್ಲಿ. ಕೊಲ್ಲೇರು ಸರೋವರದ ಸಮೀಪದ ಆರೇಡಿನಲ್ಲಿ ಹೆಜ್ಜಾರ್ಲೆಗಳ ಗೂಡುನೆಲೆಯನ್ನು 1946ರಲ್ಲಿ ಪತ್ತೆ ಮಾಡಿದ ಕೀರ್ತಿ ಕೆ. ಕೆ. ನೀಲಕಂಠನ್ ಅವರದು. ಮಂಡ್ಯ ಜಿಲ್ಲೆಯ ಶಿಂಷಾ ದಂಡೆಯ ಕೊಕ್ಕರೆ ಬೆಳ್ಳೂರಿನ ಗೂಡುನೆಲೆಯನ್ನು 1976ರಲ್ಲಿ ಪತ್ತೆ ಮಾಡಿದವರು ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ. ಇಬ್ಬರ ಕೆಲಸವೂ ದೊಡ್ಡದು. ಅವರು ಬರೆಯದಿದ್ದರೆ ಆ ಮರಗಳಿಗೆ ಸರ್ಕಾರದ ಕಣ್ಣಿನಲ್ಲಿ ಬೆಲೆ ಬರುತ್ತಿರಲಿಲ್ಲ. ಆದರೆ ಊರಿನ ಹೆಸರಿನ ಮೊದಲ ಪದವೇ ಕೊಕ್ಕರೆಯಾಗಿರುವಾಗ ಪತ್ತೆಯಾದದ್ದು ಯಾರಿಗೆ? ಪ್ಲೇಗಿನ ಕಾಲದಲ್ಲಿ ಜನ ಹಳೆಯ ಊರನ್ನು ಬಿಟ್ಟು ಬಂದಾಗ ಹಕ್ಕಿಗಳೂ ಹಿಂಬಾಲಿಸಿ ಬಂದವೆಂಬ ಹೇಳಿಕೆ ಆ ಊರಿನಲ್ಲಿದೆ. ಮರದ ಬುಡದಲ್ಲಿ ಗುಂಡಿ ತೋಡಿ, ಹಿಕ್ಕೆಯನ್ನು ಕೆರೆಯ ಹೂಳಿನೊಡನೆ ಬೆರೆಸಿ ಹೊಲಕ್ಕೆ ಹಾಕುವ ಪದ್ಧತಿಯೂ ಇತ್ತು. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಹೆಣ್ಣುಮಕ್ಕಳು ತೌರಿಗೆ ಬಾಣಂತನಕ್ಕೆ ಬಂದಂತೆ ಬರುತ್ತವೆ ಎಂಬ ಭಾವನೆ ಅಲ್ಲಿಯದು. ಈ ಮಾತನ್ನು ಪ್ರವಾಸಿ ಕೈಪಿಡಿಗಳು ಸವಿಸವಿಯಾಗಿ ಉದ್ಧರಿಸುತ್ತವೆ. ಅದರ ಹಿಂದಿರುವ ಕರ್ತವ್ಯದ ಭಾರವನ್ನು ಅವು ಹೇಳುವುದಿಲ್ಲ: ತೌರಿಗೆ ಬಂದವಳಿಗೆ ಖರ್ಚು ಮಾಡಬೇಕಾದವನು ತೌರಿನವನು. ಹಕ್ಕಿ ಕುಳಿತ ಹುಣಸೆಯ ಮರದಿಂದ ಆ ವರ್ಷ ಹಣ್ಣು ಬಡಿಯುವಂತಿಲ್ಲ. ಮರದ ಯಜಮಾನನಿಗೆ ಸರ್ಕಾರ ಪರಿಹಾರ ಕೊಡುವ ಕ್ರಮವನ್ನು ಅರಣ್ಯ ಇಲಾಖೆ ಆರಂಭಿಸಿದ್ದು ನೇಗಿನಹಾಳರ ವರದಿಯ ನಂತರ.

ಇಂಥದೇ ಊರು ಗಡಿಯ ಆಚೆಯೂ ಒಂದಿದೆ. ಅನಂತಪುರ ಜಿಲ್ಲೆಯಲ್ಲಿದ್ದು ಈಗ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿರುವ ಚಿಲಮತ್ತೂರು ಮಂಡಲದ ವೀರಾಪುರ. ಲೇಪಾಕ್ಷಿಗೆ ದೂರವಲ್ಲ, ಕರ್ನಾಟಕದ ಗಡಿಗೆ ಇನ್ನೂ ಹತ್ತಿರ. ತೆಲುಗು ಪ್ರಧಾನವಾದ, ಕನ್ನಡ ಕಿವಿಗೆ ಬಿದ್ದೇ ಬೀಳುವ ಸೀಮೆ. ಪಡುವಣಕ್ಕೆ ಹಿಂದೂಪುರವನ್ನು ದಾಟಿದರೆ ಮಡಕಶಿರಾ. ವರ್ಷದ ಆದಿಯಲ್ಲಿ ಬಣ್ಣದ ಕೊಕ್ಕರೆಗಳು ಇಲ್ಲಿಗೆ ಬಂದು, ಊರೊಳಗಿನ ಹುಣಸೆಮರಗಳ ಮೇಲೆ, ಮನೆಯ ಮಾಡಿನ ಮೇಲೆಯೇ ಎಂಬಂತೆ ಗೂಡು ಕಟ್ಟಿ, ಮರಿ ರೆಕ್ಕೆಬಲಿತ ಮೇಲೆ ಮಳೆಗಾಲದ ನಡುವೆ ಹೊರಡುತ್ತವೆ. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ಸಾಕುವುದು, ಹಕ್ಕಿಗೆ ಕಲ್ಲು ಬೀರುವವರನ್ನು ಗದರಿಸುವುದು, ಹಕ್ಕಿ ಬಾರದ ವರ್ಷ ಕೇಡಿನ ವರ್ಷವೆಂದು ಭಾವಿಸುವುದು ಇಲ್ಲಿಯ ರೂಢಿ. ಇಲ್ಲಿ ಕೌಲು ಇಲ್ಲ, ಅರಸನ ಘೋಷಣೆಯಿಲ್ಲ. ಇರುವುದು ಊರ ಕಟ್ಟಳೆ.

ವೀರಾಪುರದ ಕಷ್ಟವನ್ನು ಮರದ ಬುಡದಲ್ಲಿ ನಿಂತು ಅಳೆಯಲಾಗದು. ಹಕ್ಕಿ ಮಲಗುವುದು ಊರಿನಲ್ಲಿ, ಮೇಯುವುದು ಸುತ್ತಲಿನ ಕೆರೆಗಳಲ್ಲಿ. ಈ ಸೀಮೆಯ ನೀರಿನ ಮೂಲವಾದ ಉತ್ತರ ಪಿನಾಕಿನಿ, ಚಿತ್ರಾವತಿಗಳೆರಡೂ ನಂದಿಬೆಟ್ಟದ ಆಸುಪಾಸಿನಲ್ಲಿ ಹುಟ್ಟಿ ಗಡಿ ದಾಟುತ್ತವೆ. ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಸಾಲಾಗಿ ಕಟ್ಟಿದ ಕೆರೆಗಳಲ್ಲಿ ಮೇಲಿನದು ತುಂಬದಿದ್ದರೆ ಕೆಳಗಿನದಕ್ಕೆ ನೀರಿಲ್ಲ. 1953ರಲ್ಲಿ ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯಿಂದ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ಕಡೆ ಹೋದವು; 1956ರಲ್ಲಿ ಉಳಿದ ಗೆರೆಗಳು ಬಿದ್ದವು. ಗಡಿಯನ್ನು ಎಳೆದವರು ಎಣಿಸಿದ್ದು ಮಾತನಾಡುವವರ ತಲೆಗಳನ್ನು, ಕೆರೆಯ ಸರಣಿಯನ್ನಲ್ಲ. ಮಳೆ ಕೈಕೊಟ್ಟು ಕೆರೆಗಳು ಬತ್ತಿದ ವರ್ಷಗಳಲ್ಲಿ ವೀರಾಪುರಕ್ಕೆ ಬರುವ ಹಕ್ಕಿಗಳ ಸಂಖ್ಯೆ ಕುಸಿಯುತ್ತದೆ. ಹಳೆಯ ಹುಣಸೆಗಳು ಒಂದೊಂದಾಗಿ ಒರಗುತ್ತವೆ, ಗೂಡಿನ ಭಾರವನ್ನು ಹೊರುವಷ್ಟು ಹುಣಸೆ ಬೆಳೆಯಲು ದಶಕಗಳೇ ಬೇಕು. ಚಿತ್ರ ತೆಗೆಯಲು ಬಂದವರ ಚೌಕಟ್ಟಿನಲ್ಲಿ ಬತ್ತಿದ ಕೆರೆ ಸೇರುವುದು ಅಪರೂಪ.

ಹಕ್ಕಿಯ ಹೆಸರಿನ ವಿಷಯ ಇನ್ನೂ ಸೂಕ್ಷ್ಮವಾದದ್ದು. ಕನ್ನಡದ ಕೊಕ್ಕರೆ, ತಮಿಳು ಮಲೆಯಾಳಗಳ ಕೊಕ್ಕು, ತೆಲುಗಿನ ಕೊಕ್ಕೆರ ಒಂದೇ ಬೇರಿನ ಪದಗಳು. ಗಡಿಯೂರಿನ ಎರಡು ಭಾಷೆಯ ಬಾಯಿಗೆ ಇಲ್ಲಿ ತೊಡಕಿಲ್ಲ. ಆದರೆ ಎಲ್ಲ ಹಕ್ಕಿಗಳೂ ಹೀಗೆ ಅನುಕೂಲಕರವಲ್ಲ. ನಮ್ಮ ಹೆಜ್ಜಾರ್ಲೆ ತೆಲುಗಿನಲ್ಲಿ ಗೂಡಬಾತು, ತಮಿಳಿನಲ್ಲಿ ಕೂಳೈಕ್ಕಡಾ. ಕೆರೆಯ ಹಕ್ಕಿಯಲ್ಲದಿದ್ದರೂ ಇಲ್ಲಿ ನೆನೆಯಬೇಕಾದದ್ದು ಬಯಲಿನ ಆ ಮಹಾಪಕ್ಷಿ: ಸಿರುಗುಪ್ಪದ ಕಡೆಯ ಕನ್ನಡದಲ್ಲಿ ಎರೆಭೂತ, ತೆಲುಗಿನಲ್ಲಿ ಬಟ್ಟಮೇಕ, ಸೊಲ್ಲಾಪುರದ ಮರಾಠಿಯಲ್ಲಿ ಮಾಳಢೋಕ. ಎರೆಮಣ್ಣಿನಲ್ಲಿ ಹೆಜ್ಜೆ ಹಾಕುವ ಭೂತವೆಂದು ಕರೆದವನ ಕಣ್ಣು ಎಂಥದೆಂಬುದನ್ನು ಆ ಹೆಸರೇ ಹೇಳುತ್ತದೆ. ಹಕ್ಕಿ ಹೋದರೆ ಹೆಸರು ಹೋಗುತ್ತದೆಂಬುದು ಎಲ್ಲರೂ ಬಲ್ಲ ಸಂಗತಿ. ಹಕ್ಕಿ ಇದ್ದಂತೆಯೇ ಹೆಸರು ಹೋಗುವುದೂ ಉಂಟು.

ಸೊಲ್ಲಾಪುರದ ಉದಾಹರಣೆ ಇದಕ್ಕೆ ತಕ್ಕುದು. ಹನ್ನೆರಡನೆಯ ಶತಮಾನದ ವಚನಕಾರ ಸಿದ್ಧರಾಮನ ಸೊನ್ನಲಿಗೆ ಅದು; ಕೆರೆ ಕಟ್ಟಿಸುವುದನ್ನೇ ಶಿವಪೂಜೆಯಾಗಿ ನಡೆಸಿದವನ ಊರು. ಅವನ ಕೆರೆ ಇಂದಿಗೂ ನಗರದ ನಡುವೆ ಗುಡಿಯನ್ನು ಸುತ್ತುವರಿದು ನಿಂತಿದೆ. ನಗರದ ಹೊರಗೆ ಹಿಪ್ಪರಗಿಯಲ್ಲಿ ಬ್ರಿಟಿಷ್ ಆಡಳಿತ ಕಟ್ಟಿಸಿದ ಏಕರೂಖ್ ಕೆರೆ ಮುಗಿದದ್ದು 1871ರಲ್ಲಿ; ಅಕ್ಕಲಕೋಟೆಯ ಬೋರಿ ಹೊಳೆಗೆ ಅಡ್ಡಲಾಗಿ ಕುರನೂರಿನ ಅಣೆಕಟ್ಟು ಇನ್ನೂ ಈಚಿನದು. ಚಳಿಗಾಲದಲ್ಲಿ ಈ ನೀರುಗಳಿಗೆ ಬರುವ ಪಟ್ಟೆತಲೆಯ ಹೆಬ್ಬಾತಿಗೆ ಮರಾಠಿ ಪಕ್ಷಿಗ್ರಂಥಗಳು ಪಟ್ಟಕಾದಂಬ ಎನ್ನುತ್ತವೆ. ಕಾದಂಬವೆಂದರೆ ಸಂಸ್ಕೃತದಲ್ಲಿ ಒಂದು ಬಗೆಯ ಬಾತು. ಹಳಗನ್ನಡ ಕಾವ್ಯವನ್ನು ಓದಿದವರಿಗೆ ಅಪರಿಚಿತ ಪದವೇನೂ ಅಲ್ಲ. ಹೊಸಗನ್ನಡದ ಹಕ್ಕಿಪಟ್ಟಿ ಅದನ್ನು ಕೈಬಿಟ್ಟು ವರ್ಣನಾತ್ಮಕ ಅನುವಾದವೊಂದನ್ನು ಹಿಡಿಯಿತು. ರಾಜಹಂಸವನ್ನು ತಂದು ಫ್ಲೆಮಿಂಗೊಗೆ ಕೊಟ್ಟಿತು, ಮರಾಠಿ ಅದನ್ನೇ ರೋಹಿತ, ಅಗ್ನಿಪಂಖ ಎನ್ನುತ್ತದೆ. ಅಕ್ಕಲಕೋಟೆಯ ಕನ್ನಡ ಮನೆಯ ಮಗುವಿಗೆ ಶಾಲೆಯ ಒಂದು ಹೆಸರು, ಬೆಂಗಳೂರಿನ ಪುಸ್ತಕದ ಇನ್ನೊಂದು ಹೆಸರು, ಛಾಯಾಚಿತ್ರದ ಅಡಿಯಲ್ಲಿ ಇಂಗ್ಲಿಷಿನ ಮೂರನೆಯ ಹೆಸರು ಸಿಗುತ್ತದೆ. ಅಜ್ಜನ ಹೆಸರು ಮಾತ್ರ ಯಾವ ಪುಸ್ತಕದಲ್ಲಿಯೂ ಇಲ್ಲ. ಮಲೆಯಾಳದಲ್ಲಿ ಈ ಕೆಲಸವನ್ನು ಮೇಲೆ ಹೇಳಿದ ನೀಲಕಂಠನ್ ಅವರೇ ಇಂದುಚೂಡನ್ ಎಂಬ ಕಾವ್ಯನಾಮದಲ್ಲಿ 1958ರ “ಕೇರಳತ್ತಿಲೆ ಪಕ್ಷಿಕಳ್” ಗ್ರಂಥದ ಮೂಲಕ ಮಾಡಿದರು. ಕನ್ನಡದಲ್ಲಿ ತೇಜಸ್ವಿಯವರ ಹಕ್ಕಿಪುಸ್ತಕಗಳು ಓದುಗರನ್ನು ಗೆದ್ದವು. ಆದರೆ ಗಡಿಯಾಚೆಯ ಕನ್ನಡದ ಹಕ್ಕಿಹೆಸರುಗಳನ್ನು, ವಯನಾಡಿನ ಬೆಟ್ಟಕುರುಮರದನ್ನಾಗಲಿ ತಾಳವಾಡಿಯ ರೈತರದನ್ನಾಗಲಿ, ಕೂಡಿಸುವ ಕೆಲಸ ಛಾಯಾಚಿತ್ರದ ವೇಗಕ್ಕೆ ಸಮನಾಗಿ ನಡೆದಿಲ್ಲ. ನೀಲಗಿರಿಯ ಕೋಟಗಿರಿಯ ಲಾಂಗ್‌ವುಡ್ ಶೋಲೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಶೋಲೆಯೂ ಜೌಗುನೆಲವೆಂದು ಜಗತ್ತು ಒಪ್ಪಿದ ಮೇಲೆ ಬಡಗರು ಅದರ ಒಂದೊಂದು ಒರತೆಯನ್ನು ಏನೆಂದು ಕರೆಯುತ್ತಾರೆಂಬ ಪ್ರಶ್ನೆಗೆ ಹಿಂದಿಗಿಂತ ಹೆಚ್ಚಿನ ತೂಕ ಬಂದಿದೆ.

ಛಾಯಾಚಿತ್ರದಿಂದ ಶಾಸ್ತ್ರಕ್ಕೆ ಆದ ಲಾಭವನ್ನು ಕಡೆಗಣಿಸುವುದು ಅನ್ಯಾಯವಾದೀತು. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳನ್ನು ಮೈಸೂರು ಭಾಗದ ಕೆರೆಗಳಲ್ಲಿ ಹವ್ಯಾಸಿಗಳು ಗುರುತಿಸಿದ್ದಾರೆ. ದೂರದಿಂದ ತೆಗೆದ ಚಿತ್ರವನ್ನು ಹಿಗ್ಗಿಸಿ ಪಟ್ಟಿಯ ಅಕ್ಷರಗಳನ್ನು ಓದಬಹುದು. ಹಿಂದೆ ಇದನ್ನು ತಿಳಿಯಲು ಹಕ್ಕಿಯನ್ನು ಹಿಡಿಯಬೇಕಿತ್ತು, ಇಲ್ಲವೇ ಹೊಡೆಯಬೇಕಿತ್ತು. ಹಿಮಾಲಯವನ್ನು ದಾಟಿ ಬರುವ ಹಕ್ಕಿ ರಾತ್ರಿ ಯಾವ ಹೊಲದಲ್ಲಿ ಮೇಯುತ್ತದೆಂಬುದನ್ನು ರೈತ ಬಲ್ಲ, ಎಲ್ಲಿಂದ ಬಂತೆಂಬುದನ್ನು ಚಿತ್ರ ಹೇಳುತ್ತದೆ. ಎರಡೂ ಅರ್ಧ ಅರ್ಧ.

ಕೇಡು ಗೂಡಿನ ಬಳಿಯದು. ಗೂಡಿನ ಚಿತ್ರಣವೇ ಈ ಕಲೆಯ ತೊಟ್ಟಿಲು, ಕಿಯರ್ಟನ್ನರ ಕಾಲದಿಂದಲೂ. ಅಡ್ಡ ಬರುವ ರೆಂಬೆಯನ್ನು ಕಡಿದು, ಎಲೆಯನ್ನು ಸವರಿ ಗೂಡನ್ನು ಬೆಳಕಿಗೆ ತೆರೆದಿಡುವುದು ಹಳೆಯ ಛಾಯಾಗ್ರಾಹಕರ ಸಾಮಾನ್ಯ ವಿಧಾನವಾಗಿತ್ತು. ಅದೇ ತೆರಪಿನಿಂದ ಬಿಸಿಲೂ ಕಾಗೆಯೂ ಬರುತ್ತವೆ. ಬಣ್ಣದ ಕೊಕ್ಕರೆ ಸುಡುಬಿಸಿಲಿನಲ್ಲಿ ರೆಕ್ಕೆಯನ್ನು ಕೊಡೆಯಂತೆ ಬಿಡಿಸಿ ಮರಿಗೆ ನೆರಳು ಮಾಡುತ್ತದೆ, ಗಂಟಲಿನಲ್ಲಿ ನೀರು ತಂದು ಸುರಿಸುತ್ತದೆ. ಜನರ ಗುಂಪಿಗೆ ಬೆದರಿ ಅದು ನಡುಹಗಲಿನಲ್ಲಿ ಎದ್ದುಹೋದರೆ ಪುಕ್ಕ ಬಾರದ ಮರಿ ಬಿಸಿಲಿಗೆ ಹೆಚ್ಚು ಹೊತ್ತು ತಡೆಯದು. ಈ ಕಾರಣಕ್ಕಾಗಿಯೇ ಅನೇಕ ಛಾಯಾಚಿತ್ರ ಸ್ಪರ್ಧೆಗಳು ಇಂದು ಗೂಡಿನ ಚಿತ್ರಗಳನ್ನು ಸ್ವೀಕರಿಸುವುದಿಲ್ಲ. ಮೂರು ತಲೆಮಾರು ಮೆಚ್ಚಿ ಬಹುಮಾನ ಕೊಟ್ಟದ್ದನ್ನೇ ನಾಲ್ಕನೆಯದು ಹೊರಗಿಟ್ಟಿತು. ಆ ಮನಸ್ಸು ಬದಲಾದದ್ದು ಒಳಗಿನಿಂದಲೇ, ಹಕ್ಕಿಯನ್ನು ಬಹಳ ಹೊತ್ತು ನೋಡಿದವರಿಂದಲೇ ಎಂಬುದು ಗಮನಾರ್ಹ.

ಕಾನೂನು ಇದನ್ನು ಇನ್ನೂ ನಿಷ್ಠುರವಾಗಿ ಹೇಳಿದೆ, ಓದುವವರು ಕಡಿಮೆ. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದಲ್ಲಿ ಬೇಟೆ ಎಂಬ ಪದದ ವ್ಯಾಖ್ಯೆಯೊಳಗೆ ಕಾಡುಹಕ್ಕಿಯ ಮೊಟ್ಟೆಯನ್ನು ಹಾಳುಮಾಡುವುದಷ್ಟೇ ಅಲ್ಲ, ಮೊಟ್ಟೆಗೆ ಅಥವಾ ಗೂಡಿಗೆ ತೊಂದರೆ ಮಾಡುವುದೂ ಸೇರಿದೆ. ಬಂದೂಕನ್ನು ಕೆಳಗಿಟ್ಟು ಕ್ಯಾಮೆರಾ ಹಿಡಿದವನು ಬೇಟೆಗಾರನ ವ್ಯಾಖ್ಯೆಯಿಂದ ತಾನಾಗಿ ಹೊರಬರುವುದಿಲ್ಲ. ಅದೇ ಅಧಿನಿಯಮದ 28ನೆಯ ಪ್ರಕರಣದಂತೆ ಅಭಯಾರಣ್ಯದೊಳಗೆ ಛಾಯಾಗ್ರಹಣಕ್ಕೆ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು; 2022ರ ತಿದ್ದುಪಡಿ ಇದಕ್ಕೆ ಚಲನಚಿತ್ರ ತಯಾರಿಕೆಯನ್ನೂ ಸೇರಿಸಿ, ನೆಲೆಗಾಗಲಿ ಜೀವಿಗಾಗಲಿ ಬಾಧೆಯಾಗಬಾರದೆಂಬ ಷರತ್ತನ್ನು ಹೂಡಿತು. ರಂಗನತಿಟ್ಟಿಗೆ, ಗೋವೆಯ ಚೋರಾವ್ ದ್ವೀಪದ ಕಾಂಡ್ಲಾಕಾಡಿನ ಸಲೀಂ ಅಲಿ ಪಕ್ಷಿಧಾಮಕ್ಕೆ ಈ ಪ್ರಕರಣ ಅನ್ವಯಿಸುತ್ತದೆ.

ಕೊಕ್ಕರೆ ಬೆಳ್ಳೂರಿಗೆ ಅನ್ವಯಿಸುವುದಿಲ್ಲ. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಇಂಥ ಮೀಸಲು ಖಾಸಗಿ ಅಥವಾ ಸಮುದಾಯದ ಜಮೀನಿನ ಮೇಲೆ, ಒಡೆಯರ ಸ್ವಇಚ್ಛೆಯಿಂದ ಮಾತ್ರ ಸಾಧ್ಯ. ಅದರ ಆಡಳಿತ ಸಮಿತಿಗೆ ಸದಸ್ಯರನ್ನು ಹೆಸರಿಸುವುದು ಗ್ರಾಮ ಪಂಚಾಯತಿ. ಪ್ರಾಣಿಯನ್ನು ಕೆಣಕಬಾರದು, ಪೀಡಿಸಬಾರದು ಎಂಬ ನಿಯಮ ಅಲ್ಲಿಗೂ ಉಂಟು; ಆದರೆ ಚಿತ್ರ ತೆಗೆಯಲು ಮುಖ್ಯ ಪರಿಪಾಲಕರ ಚೀಟಿ ಬೇಕಿಲ್ಲ. ಪ್ಲೇಸ್ ಬರೆದುಕೊಟ್ಟ ಕೌಲಿಗೆ ಸ್ವತಂತ್ರ ಭಾರತದ ಶಾಸನದಲ್ಲಿ ಅತ್ಯಂತ ಸಮೀಪದ ರೂಪವೆಂದರೆ ಇದೇ. ವೀರಾಪುರಕ್ಕೆ ಬರುವ ಛಾಯಾಗ್ರಾಹಕ ನಿಲ್ಲುವುದು ಯಾರದೋ ಅಂಗಳದಲ್ಲಿ. ಗೂಡಿರುವ ಹುಣಸೆಮರ ಆ ಮನೆಯವರದು, ಕೆಳಗೆ ಬಿದ್ದ ಹಿಕ್ಕೆಯನ್ನು ಗುಡಿಸುವವರು ಆ ಮನೆಯ ಹೆಂಗಸರು, ಮರಿ ಬಿದ್ದ ಸದ್ದಿಗೆ ರಾತ್ರಿ ಎದ್ದು ಬರುವವರೂ ಅವರೇ. ಚಿತ್ರ ತೆಗೆಯಬಹುದೇ ಎಂದು ಅಲ್ಲಿ ಕೇಳಬೇಕಾದದ್ದು ಅವರನ್ನು, ಅವರ ಮಾತಿನಲ್ಲಿ.